ಟ್ಯಾಂಕ್ ಅಂದ್ರೆ ಕೆರೆ ಅಲ್ವೇನವ್ವಾ?

ಕಳೆದ ತಿಂಗಳು ಒಂದು ಭಾನುವಾರ ಮೈಸೂರಿನ ಸರಸ್ವತಿಪುರಂನಲ್ಲಿ, ಗೆಳೆಯರೊಬ್ಬರ ಮನೆಯ ಮಹಡಿ ಮೇಲೆ ಆಡಿದ ಮಾತು ಇದು. ಗೇಮ್ ಆಡುವವರೆಲ್ಲ ಸೇರಿ ಮಾಡಿಕೊಂಡ ಸಣ್ಣ ಕೂಟ. 40 ಕುರ್ಚಿ ಹಾಕಿದ್ದರು, ಮೂವತ್ತು ತುಂಬಿರಬಹುದು. ಅದರಲ್ಲೂ ಐದಾರು ಜನ ಮಕ್ಕಳ ಜೊತೆ ಬಂದ ಅಪ್ಪ ಅಮ್ಮಂದಿರು. ಆಮೇಲೆ ಕೆಲವರು ಬರೆದುಕೊಡಿ ಅಂದರು. ರೆಕಾರ್ಡ್ ಯಾರೂ ಮಾಡಿರಲಿಲ್ಲ, ಹಾಗಾಗಿ ನೆನಪಿದ್ದಷ್ಟು ಬರೆದಿದ್ದೇನೆ. ಅಲ್ಲಿ ಹೇಳೋಕೆ ಮರೆತ ಒಂದೆರಡನ್ನು ಇಲ್ಲಿ ಸೇರಿಸಿದ್ದೇನೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ.

ನಮಸ್ಕಾರ. ನಾನು ಮಂಡ್ಯ ಜಿಲ್ಲೆಯವಳು, ಪಾಂಡವಪುರದ ಕಡೆಯ ಒಂದು ಹಳ್ಳಿ. ಹಗಲು ಮೈಸೂರಿನಲ್ಲಿ ಲೆಕ್ಕಪತ್ರದ ಕೆಲಸ. ರಾತ್ರಿ ಹೀಲರ್. ವಾರಕ್ಕೆ ಎರಡು ದಿನ ಟ್ಯಾಂಕ್.

ಟ್ಯಾಂಕ್ ಅಂದ ಕೂಡಲೇ ಹಿಂದೆ ಕೂತಿರುವ ಅಂಕಲ್ ಒಬ್ಬರು ಯುದ್ಧದ ಟ್ಯಾಂಕ್ ಅಂದುಕೊಂಡರು, ಮುಖದಲ್ಲೇ ಗೊತ್ತಾಯಿತು. ನಮ್ಮ ತಾತ ಹಾಗೆ ಅಂದುಕೊಳ್ಳಲಿಲ್ಲ. ತಾತ ಊರಿನ ನೀರುಗಂಟಿ ಆಗಿದ್ದರು. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನ ಮಾಡುವುದು, ರಾತ್ರಿ ಲಾಟೀನು ಹಿಡಿದು ಕಾಲುವೆ ಉದ್ದಕ್ಕೂ ನಡೆದು ಯಾರಾದರೂ ಕದ್ದು ಮಡೆ ತಿರುಗಿಸಿಕೊಂಡಿದ್ದಾರಾ ಅಂತ ನೋಡುವುದು, ಇದು ಅವರ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರೈತರು ಇಷ್ಟಿಷ್ಟು ಅಂತ ಭತ್ತ ಅಳೆದು ಕೊಡುತ್ತಿದ್ದರು.

2017ರ ಬೇಸಿಗೆ. ನಾನು ಲ್ಯಾಪ್‌ಟಾಪ್ ತಗೊಂಡು ಊರಿಗೆ ಹೋಗಿದ್ದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಫೈನಲ್ ಫ್ಯಾಂಟಸಿ 14 ಆಡುತ್ತಿದ್ದೆ. ತಾತ ಬಂದು ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು.

"ಏನವ್ವಾ, ಎಲ್ರೂ ಹೊಡೀತಾವ್ರೆ, ನೀನು ಸುಮ್ಕೆ ಹಿಂದ್ಗಡೆ ನಿಂತ್ಕಂಡಿದ್ದೀಯಲ್ಲ?"

"ನಾನು ಹೀಲರ್ ತಾತ. ಏಟು ಬಿದ್ದೋರಿಗೆ ವಾಸಿ ಮಾಡೋದು. ಮುಂದೆ ಗುರಾಣಿ ಹಿಡ್ಕೊಂಡು ಏಟು ತಿಂತಾ ಇದಾನಲ್ಲ, ಅವನು ಟ್ಯಾಂಕ್."

"ಟ್ಯಾಂಕ್ ಅಂದ್ರೆ ಕೆರೆ ಅಲ್ವೇನವ್ವಾ?"

ಕೆರೆ ನೋಡಲು ಬರುತ್ತಿದ್ದ ಇಂಜಿನಿಯರುಗಳ ಬಾಯಿಂದ ಅವರು ಕಲಿತ ನಾಲ್ಕಾರು ಇಂಗ್ಲಿಷ್ ಪದಗಳಲ್ಲಿ ಅದೊಂದು. ನಾನು ನಕ್ಕುಬಿಟ್ಟೆ. ಆಮೇಲೆ ಯೋಚನೆ ಮಾಡಿದರೆ ತಾತ ಹೇಳಿದ್ದರಲ್ಲಿ ತಪ್ಪೇ ಇಲ್ಲ. ಮೇಲಿಂದ ಬರುವ ನೀರೆಲ್ಲ ಕೆರೆ ತನ್ನ ಮೈಮೇಲೆ ತಗೊಳ್ಳುತ್ತದೆ, ಕೆಳಗಿನ ಊರು ಕೊಚ್ಚಿಕೊಂಡು ಹೋಗುವುದಿಲ್ಲ. ಆ ಕೆರೆ ಹಿಂದೆ ತೂಬಿನ ಹತ್ತಿರ ಒಬ್ಬ ನಿಂತಿರುತ್ತಾನೆ, ಇರುವ ನೀರನ್ನು ಹಂಚುವವನು. ನಾನು ಆಡುವುದೂ ಅದನ್ನೇ. ಮೊಮ್ಮಗಳು ಕಸುಬು ಬಿಟ್ಟಿಲ್ಲ ನೋಡಿ.

ಗೊತ್ತಿಲ್ಲದವರಿಗೆ ಎರಡೇ ಮಾತು. ಇಂಥ ಗೇಮ್‌ಗಳಲ್ಲಿ ಬೇರೆ ಬೇರೆ ಊರು, ದೇಶದ ಜನ ಸೇರಿ ಒಂದು ಗುಂಪಾಗಿ ದೊಡ್ಡ ರಾಕ್ಷಸನ ಮೇಲೆ ಹೋಗುತ್ತಾರೆ. ನಾನು ಆಡುವ ಗೇಮಿನಲ್ಲಿ ನಾಲ್ಕು ಜನ ಇದ್ದರೆ ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಇನ್ನಿಬ್ಬರು ಹೊಡೆಯುವವರು. ಎಂಟು ಜನ ಆದರೆ ಎರಡು, ಎರಡು, ನಾಲ್ಕು. ಹೊಡೆಯುವವರನ್ನು ಡಿಪಿಎಸ್ ಅನ್ನುತ್ತೇವೆ. ಎಲ್ಲರಿಗೂ ಬೇಕಾಗಿರುವುದು ಅದೇ, ಯಾಕಂದರೆ ದೊಡ್ಡ ದೊಡ್ಡ ನಂಬರ್ ಕಾಣುತ್ತದೆ, ಬೆಂಕಿ ಬರುತ್ತದೆ.

ಈ ಮೂರು ಕೆಲಸದ ಬೇರು ಹಳೇದು. 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆಟದಲ್ಲೇ ಕ್ಲೆರಿಕ್ ಅಂತ ಪೂಜಾರಿ ಇದ್ದ, ಗಾಯ ವಾಸಿ ಮಾಡುತ್ತಿದ್ದ. 1999ರಲ್ಲಿ ಎವರ್‌ಕ್ವೆಸ್ಟ್ ಅನ್ನುವ ಗೇಮ್ ಬಂತು. ಅದರಲ್ಲಿ ಹೀಲರ್ ಕೆಲಸ ಹೇಗಿತ್ತು ಅಂತ ಓದಿದಾಗ ನನಗೆ ರೋಮಾಂಚನ ಆಯಿತು. ಅಲ್ಲಿ ಒಂದು ದೊಡ್ಡ ಮಂತ್ರ, ಹೆಸರು ಕಂಪ್ಲೀಟ್ ಹೀಲ್. ಹಾಕೋಕೆ 10 ಸೆಕೆಂಡ್ ಬೇಕು. ಅಷ್ಟರಲ್ಲಿ ಟ್ಯಾಂಕ್ ಸತ್ತೇ ಹೋಗುತ್ತಾನೆ. ಅದಕ್ಕೆ ಕ್ಲೆರಿಕ್‌ಗಳು ಸಾಲಾಗಿ ನಂಬರ್ ಹಾಕಿಕೊಂಡು, ಒಬ್ಬ ಶುರು ಮಾಡಿದ ಒಂದೆರಡು ಸೆಕೆಂಡಿಗೆ ಮುಂದಿನವನು ಶುರು ಮಾಡಿ, ಹೀಗೆ ಸರಪಳಿ ಕಟ್ಟುತ್ತಿದ್ದರು. ಗಂಟಲು ಮಾತಾಡಲ್ಲ, ಕೈ ಎಣಿಸುತ್ತಾ ಇರುತ್ತದೆ. ಒಬ್ಬ ತಪ್ಪಿದರೆ ಎಲ್ಲ ಮುಗಿಯಿತು. ನಮ್ಮೂರಿನಲ್ಲಿ ಸರದಿ ಮೇಲೆ ಗದ್ದೆಗೆ ನೀರು ಬಿಡುವಾಗ ಒಬ್ಬ ನಿದ್ದೆ ಮಾಡಿದರೆ ಏನಾಗುತ್ತದೋ ಅದೇ.

ಈಗ ನಾನು ಜಗಳಕ್ಕೆ ಬಂದಿರುವ ವಿಷಯ. ಹೀಲರ್ ಅಂದ ಕೂಡಲೇ ಜನ ಹೇಳುತ್ತಾರೆ, "ಅಯ್ಯೋ ಪಾಪ, ಎಷ್ಟು ಒಳ್ಳೆಯವರು, ಬೇರೆಯವರಿಗೋಸ್ಕರ ಆಡ್ತೀರ." ಟ್ಯಾಂಕ್‌ಗೂ ಅದೇ ಹೊಗಳಿಕೆ, ತ್ಯಾಗ, ಸೇವೆ, ಇತ್ಯಾದಿ. ಸುಳ್ಳು. ನಾನು ಸೇವೆ ಮಾಡೋಕೆ ತಿಂಗಳಿಗೆ ದುಡ್ಡು ಕಟ್ಟಿ ರಾತ್ರಿ ಹನ್ನೊಂದಕ್ಕೆ ಕೂರುವುದಿಲ್ಲ. ಮಜಾ ಸಿಗುತ್ತದೆ ಅಂತ ಕೂರುತ್ತೇನೆ. ತಾತನೂ ಧರ್ಮಕ್ಕೆ ನೀರು ಬಿಡುತ್ತಿದ್ದ ಮನುಷ್ಯ ಅಲ್ಲ. ಇಡೀ ಊರಿನ ಗದ್ದೆ ಬಯಲು ಅವರ ತಲೆಯಲ್ಲಿತ್ತು, ಆ ಗತ್ತು ಅವರ ನಡಿಗೆಯಲ್ಲೇ ಕಾಣುತ್ತಿತ್ತು.

ಆ ಮಜಾ ಎಲ್ಲಿದೆ ಅಂತ ಹೇಳುತ್ತೇನೆ.

ಹೊಸ ಹೀಲರ್ ಏನು ಮಾಡುತ್ತಾನೆ? ಯಾರದೋ ಜೀವ ತೋರಿಸುವ ಹಸಿರು ಪಟ್ಟಿ ಒಂಚೂರು ಇಳಿಯಿತು ಅಂದರೆ ತಕ್ಷಣ ತುಂಬಿಸುತ್ತಾನೆ. ಹಸಿರು ಪೂರ್ತಿ ಇಲ್ಲದಿದ್ದರೆ ಅವನಿಗೆ ನಿದ್ದೆ ಬರಲ್ಲ. ನಾನೂ ಹಾಗೇ ಇದ್ದೆ. ತುಂಬಿದ ಮೇಲೂ ಸುರಿದರೆ ಅದು ವ್ಯರ್ಥ, ಅದಕ್ಕೆ ಓವರ್‌ಹೀಲ್ ಅನ್ನುತ್ತಾರೆ. ನಮ್ಮ ಕಡೆ ಮಾತಿನಲ್ಲಿ ಹೇಳಬೇಕಂದರೆ ಕೋಡಿ ಹರಿದ ನೀರು. ನೋಡೋಕೆ ಚೆಂದ, ಗದ್ದೆಗೆ ಬರಲ್ಲ. ನನ್ನ ಗೇಮಿನಲ್ಲಿ ಹೀಲರ್ ಹತ್ತಿರ ಇರುವುದು 10,000 ಮಾನಾ, ಅಂದರೆ ಮಂತ್ರ ಹಾಕೋಕೆ ಬೇಕಾದ ಶಕ್ತಿ. ಸತ್ತವರನ್ನು ಒಂದು ಸಲ ಎಬ್ಬಿಸಿದರೆ 2,400 ಹೋಯಿತು. ನಾಲ್ಕು ಜನ ಎದ್ದರೆ ಕೆರೆ ತಳ ಕಾಣುತ್ತದೆ. ಹಾಗಾಗಿ ಒಳ್ಳೆಯ ಹೀಲರ್ ಟ್ಯಾಂಕ್ ಅರ್ಧಕ್ಕೆ ಇಳಿದರೂ ಕೈ ಕಟ್ಟಿ ನೋಡುತ್ತಾಳೆ. ಮುಂದಿನ ದೊಡ್ಡ ಏಟು ಯಾವಾಗ, ಅದು ಎಷ್ಟು ತಗೊಂಡು ಹೋಗುತ್ತದೆ, ಈಗಿರುವುದು ಸಾಕಾ, ಇಷ್ಟೇ ಲೆಕ್ಕ. ಸಾಕು ಅಂದರೆ ಆ ಹೊತ್ತಿನಲ್ಲಿ ಅವಳೂ ರಾಕ್ಷಸನಿಗೆ ಎರಡು ಕಲ್ಲು ಎಸೆಯುತ್ತಾಳೆ.

ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಪೇಪರ್ ತೆಗೆದರೆ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. 124.80 ಅಡಿ ಅಂದರೆ ಪೂರ್ತಿ. ಇವತ್ತು ಎಷ್ಟಿದೆ, ನಿನ್ನೆಗಿಂತ ಎಷ್ಟು ಇಳಿಯಿತು, ಕಟ್ಟು ನೀರು ಬಿಡುತ್ತಾರಾ ಇಲ್ವಾ, ಬಿಟ್ಟರೆ ಎಷ್ಟು ದಿನ, ನಾಲೆ ಕೊನೆಯವರಿಗೆ ತಲುಪುತ್ತಾ, ಇದೆಲ್ಲ ಚಹಾದಂಗಡಿ ಮುಂದೆ ನಿಂತು ಲೆಕ್ಕ ಹಾಕುವ ಜನ ನಾವು. ಹುಟ್ಟು ಹೀಲರ್‌ಗಳು.

ಒಂದು ರಾತ್ರಿಯ ಕಥೆ ಹೇಳುತ್ತೇನೆ, 2019ರದ್ದು. ನಾನು ಜಪಾನ್ ಸರ್ವರ್‌ನಲ್ಲಿ ಆಡುವುದು. ಮೈಸೂರಿನಿಂದ ಅಲ್ಲಿಗೆ ಪಿಂಗ್, ಅಂದರೆ ಸಿಗ್ನಲ್ ಹೋಗಿ ಬರೋಕೆ ಹಿಡಿಯುವ ಹೊತ್ತು, ನನಗೆ 150 ಮಿಲಿಸೆಕೆಂಡಿಗಿಂತ ಕಮ್ಮಿ ಬಂದದ್ದೇ ಇಲ್ಲ. ಗೊತ್ತಿಲ್ಲದ ನಾಲ್ಕು ಜನ ಒಂದು ಡಂಜನ್‌ಗೆ, ಅಂದರೆ ರಾಕ್ಷಸರು ತುಂಬಿದ ಒಂದು ಜಾಗಕ್ಕೆ, ಸೇರಿದೆವು. ಜಪಾನಿಯರು ಶುರುವಿನಲ್ಲಿ "ಯೊರೊಶಿಕು" ಅನ್ನುತ್ತಾರೆ, ಮುಗಿದ ಮೇಲೆ "ಒಟ್ಸುಕರೆಸಮಾ". ಅಷ್ಟೇ, ನಡುವೆ ಮಾತಿಲ್ಲ. ಟ್ಯಾಂಕ್ ಒಬ್ಬ ಡಾರ್ಕ್ ನೈಟ್, ಟ್ಯಾಂಕ್‌ಗಳಲ್ಲೇ ಒಂದು ಬಗೆ. ಗೋಡೆಯಿಂದ ಗೋಡೆಯವರೆಗೆ ಇದ್ದಬದ್ದ ಪ್ರಾಣಿಗಳನ್ನೆಲ್ಲ ಎಳೆದುಕೊಂಡು ಓಡಿದ. ಹನ್ನೆರಡೋ ಹದಿನಾಲ್ಕೋ. ನಾನು ಹಿಂದೆ ಓಡುತ್ತಾ ಹೀಲ್ ಹಾಕುತ್ತಿದ್ದೇನೆ, ಅವನ ಪಟ್ಟಿ ಅರ್ಧ, ಕಾಲು, ಆಮೇಲೆ ಕೆಂಪು.

ಆಗ ಅವನು ಲಿವಿಂಗ್ ಡೆಡ್ ಒತ್ತಿದ.

ಇದು ಏನು ಅಂದರೆ, ಒತ್ತಿದ ಮೇಲೆ ಸಾಯುವ ಏಟು ಬಿದ್ದರೂ ಸಾಯುವುದಿಲ್ಲ, ಜೀವ 1ಕ್ಕೆ ನಿಲ್ಲುತ್ತದೆ. ಅಲ್ಲಿಂದ 10 ಸೆಕೆಂಡ್ ನಡೆದಾಡುವ ಹೆಣ. ಆ 10 ಸೆಕೆಂಡಿನಲ್ಲಿ ಅವನ ಪೂರ್ತಿ ಜೀವದಷ್ಟು ಹೀಲ್ ಮೈಮೇಲೆ ಬೀಳಬೇಕು. ಬಿದ್ದರೆ ಬದುಕಿದ, ಇಲ್ಲದಿದ್ದರೆ ಸಮಯ ಮುಗಿದ ಕೂಡಲೇ ತಾನಾಗಿ ಬಿದ್ದು ಸಾಯುತ್ತಾನೆ. 2022ರಲ್ಲಿ ಇದನ್ನು ಸರಿ ಮಾಡಿದರು, ಆಗ ಇನ್ನೂ ಹೀಗಿತ್ತು. ಜಗತ್ತಿನ ಎಲ್ಲ ಹೀಲರ್‌ಗಳೂ ಬೈಯುತ್ತಿದ್ದ ಗುಂಡಿ ಅದು. ಡಾರ್ಕ್ ನೈಟ್ ಒತ್ತಿ ಆರಾಮಾಗಿರುತ್ತಾನೆ, ಬೆವರುವುದು ನಾವು.

ನನ್ನ ಹತ್ತಿರ ಬೆನೆಡಿಕ್ಷನ್ ಇತ್ತು. ವೈಟ್ ಮೇಜ್ ಅನ್ನುವ ನನ್ನ ಬಗೆಯ ಹೀಲರ್‌ನ ಬ್ರಹ್ಮಾಸ್ತ್ರ, ಒಂದೇ ಸಲಕ್ಕೆ ಪೂರ್ತಿ ಜೀವ. ಒಮ್ಮೆ ಹಾಕಿದರೆ ಮತ್ತೆ ಮೂರು ನಿಮಿಷ ಇಲ್ಲ. ತಕ್ಷಣ ಹಾಕಿದರೆ ತಪ್ಪು. ಯಾಕಂದರೆ ಅವನು ಇನ್ನೂ 1ಕ್ಕೆ ಇಳಿದಿಲ್ಲ, ಈಗ ತುಂಬಿಸಿದರೆ ಅವನ ಗುಂಡಿಯೇ ವ್ಯರ್ಥ. ಇಳಿದ ಕೂಡಲೇ ಹಾಕಿದರೂ ಒಂದು ತರಹ ತಪ್ಪೇ, ಏಕೆಂದರೆ ಆ 10 ಸೆಕೆಂಡ್ ಅವನಿಗೆ ಸಾವಿಲ್ಲ, ಆ ಏಟೆಲ್ಲ ಪುಕ್ಕಟೆ. ಹಾಗಂತ ಕೊನೆಯ ಸೆಕೆಂಡಿಗೆ ಬಿಟ್ಟರೆ ನನ್ನ ಪಿಂಗ್ ನನ್ನನ್ನು ಮುಳುಗಿಸುತ್ತದೆ. ಅವನ ಪಟ್ಟಿಯ ಕೆಳಗೆ ಒಂದು ಸಣ್ಣ ಚಿತ್ರ, ಅದರಡಿ ಅಂಕಿ. 9, 8, 7. ನಾನು ಹೀಲ್ ಮಾಡದೆ ಪ್ರಾಣಿಗಳ ಮೇಲೆ ಹೋಲಿ ಅನ್ನುವ ಮಂತ್ರ ಹಾಕುತ್ತಿದ್ದೇನೆ, ಅವು ಒಂದು ಕ್ಷಣ ಮರಗಟ್ಟುತ್ತವೆ. 5, 4. ಡಿಪಿಎಸ್ ಒಬ್ಬ ಗಾಬರಿಯಾಗಿ ಎಗರಾಡುತ್ತಿದ್ದಾನೆ. 3ಕ್ಕೆ ಒತ್ತಿದೆ. ಪಟ್ಟಿ ಖಾಲಿಯಿಂದ ತುದಿಯವರೆಗೆ ಸರ್ರನೆ ತುಂಬಿತು.

ಯಾರೂ ಏನೂ ಹೇಳಲಿಲ್ಲ. ಟ್ಯಾಂಕ್ ಮಾತ್ರ ಒಂದು ಸಲ ಕುಪ್ಪಳಿಸಿದ. ಮುಂದಿನ ಗುಂಪಿಗೆ ಓಡಿದ.

ನನಗೆ ಆ ಕುಪ್ಪಳ ಸಾಕಿತ್ತು. ಏಳು ಸೆಕೆಂಡ್ ಒಬ್ಬ ಮನುಷ್ಯನ ಜೀವ ನನ್ನ ಬೆರಳಿನಲ್ಲಿ ಇಟ್ಟುಕೊಂಡು ಕೊಡದೆ ಕೂತಿದ್ದೆನಲ್ಲ, ಅದರಲ್ಲಿ ಸೇವೆ ಎಲ್ಲಿದೆ ಹೇಳಿ? ಜಿಪುಣತನ ಇದೆ, ಅಹಂಕಾರ ಇದೆ. ಮಜಾ ಇದೆ.

ಟ್ಯಾಂಕ್ ವಿಷಯಕ್ಕೆ ಬರುತ್ತೇನೆ. ಏಟು ತಿನ್ನುವುದು ಟ್ಯಾಂಕ್ ಕೆಲಸದ ಅರ್ಧ ಮಾತ್ರ. ಹಳ್ಳಿಯಲ್ಲಿ ಎತ್ತಿಗೆ ಲಾಳ ಕಟ್ಟುವುದು ನೋಡಿದ್ದೀರಾ? ಕಾಲಿನ ಹತ್ತಿರ ಮೊಳೆ ಹೊಡೆಯುವವನು ಎಲ್ಲರಿಗೂ ಕಾಣುತ್ತಾನೆ. ತಲೆಯ ಹತ್ತಿರ ಮೂಗುದಾರ ಹಿಡಿದು ಕೂತವನು ಸರಿ ಇಲ್ಲ ಅಂದರೆ ಮೊಳೆ ಹೊಡೆಯುವವನ ಹಲ್ಲು ಹೋಗುತ್ತದೆ. ಟ್ಯಾಂಕ್ ಆ ತಲೆ ಹಿಡಿದವನು. ರಾಕ್ಷಸನ ಮುಖ ಗುಂಪಿನಿಂದ ಆಚೆ ತಿರುಗಿರಬೇಕು, ಇಲ್ಲದಿದ್ದರೆ ಒಂದೇ ಬೀಸಿಗೆ ಎಲ್ಲರೂ ಸಾಯುತ್ತಾರೆ. ಅದು ಸುಮ್ಮನೆ ಅಲ್ಲಾಡದೆ ನಿಂತಿರಬೇಕು, ಯಾಕಂದರೆ ಕತ್ತಿ ಹಿಡಿದವರು ಪಕ್ಕದಿಂದ, ಹಿಂದಿನಿಂದ ಹೊಡೆದರೆ ಏಟು ಜಾಸ್ತಿ. ಟ್ಯಾಂಕ್ ಸುಮ್ನೆ ಕುಣಿದಾಡಿದರೆ ಅವರೆಲ್ಲ ಗಾಣದ ಎತ್ತಿನ ಹಾಗೆ ಸುತ್ತಬೇಕು.

ಇನ್ನು ಅದು ಟ್ಯಾಂಕ್‌ನನ್ನೇ ಯಾಕೆ ಹೊಡೆಯಬೇಕು? ಒಳಗೆ ಒಂದು ದ್ವೇಷದ ಲೆಕ್ಕ ನಡೆಯುತ್ತದೆ, ಅದಕ್ಕೆ ಅಗ್ರೋ ಅಂತಲೋ ಥ್ರೆಟ್ ಅಂತಲೋ ಹೆಸರು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲಿ ಬಂತಲ್ಲ, ಅದರ ಲೆಕ್ಕವನ್ನು ಆಟಗಾರರೇ ಕೂತು ಬಿಡಿಸಿದರು. ಹತ್ತಿರ ನಿಂತವನ ದ್ವೇಷ ಟ್ಯಾಂಕ್‌ನದ್ದರ 110 ಪರ್ಸೆಂಟ್ ದಾಟಿದರೆ ರಾಕ್ಷಸ ಅವನ ಕಡೆ ತಿರುಗುತ್ತದೆ. ದೂರ ನಿಂತವನಿಗೆ 130. ಹೀಲ್ ಮಾಡಿದರೂ ದ್ವೇಷ ಬರುತ್ತದೆ, ಹೊಡೆತದ ಅರ್ಧ ಲೆಕ್ಕದಲ್ಲಿ. ಊರಿಗೆ ಉಪಕಾರ ಮಾಡಿದವನ ಮೇಲೂ ಸಿಟ್ಟು ಬರುತ್ತದೆ ಅನ್ನುವುದನ್ನು ಅಮೆರಿಕದ ಇಂಜಿನಿಯರುಗಳು ಅಂಕಿಯಲ್ಲಿ ಬರೆದಿಟ್ಟಿದ್ದಾರೆ, ನನಗೆ ಅದು ತುಂಬಾ ಇಷ್ಟ.

ಇಷ್ಟೆಲ್ಲ ಮಜಾ ಇದ್ದರೂ ಟ್ಯಾಂಕ್ ಸಿಗುವುದಿಲ್ಲ. 2009ರ ಡಿಸೆಂಬರ್‌ನಲ್ಲಿ ವಾರ್‌ಕ್ರಾಫ್ಟ್ ತಾನೇ ಅಪರಿಚಿತರನ್ನು ಜೋಡಿಸಿ ಗುಂಪು ಮಾಡುವ ಏರ್ಪಾಡು ತಂದಿತು. ಹೊಡೆಯುವವರ ಸಾಲು ಬಸ್ ಸ್ಟ್ಯಾಂಡ್ ತರಹ ಬೆಳೆಯಿತು. ಕೊನೆಗೆ 2011ರಲ್ಲಿ, ಯಾವ ಕೆಲಸಕ್ಕೆ ಜನ ಕಮ್ಮಿಯೋ ಅದಕ್ಕೆ ಬಂದವರಿಗೆ ಒಂದು ಚೀಲ ಉಡುಗೊರೆ ಅಂತ ಮಾಡಿದರು. ಹೆಚ್ಚಾಗಿ ಆ ಚೀಲ ಟ್ಯಾಂಕ್‌ಗೇ ಹೋಗುತ್ತಿತ್ತು. ಜನ ಬರದೇ ಇರುವುದಕ್ಕೆ ಕಾರಣ ಭಯ. ಡಿಪಿಎಸ್ ತಪ್ಪು ಮಾಡಿದರೆ ಯಾರಿಗೂ ಗೊತ್ತಾಗಲ್ಲ. ಟ್ಯಾಂಕ್ ದಾರಿ ತಪ್ಪಿದರೆ ನಾಲ್ಕು ಜನ ನೋಡುತ್ತಾರೆ. ನಾನು ಮೊದಲ ಸಲ ಟ್ಯಾಂಕ್ ಆದಾಗ ಸಸ್ತಾಶಾ ಅನ್ನುವ ಮೊದಲನೇ ಡಂಜನ್‌ನಲ್ಲೇ ದಾರಿ ತಪ್ಪಿದ್ದೆ, ಮೂರು ಜಪಾನಿಯರು ಮರ್ಯಾದೆಯಿಂದ ನನ್ನ ಹಿಂದೆಯೇ ಗೋಡೆಯವರೆಗೆ ಬಂದು ಮರ್ಯಾದೆಯಿಂದ ವಾಪಸ್ ತಿರುಗಿದರು.

ಈ ಮೂರು ಕೆಲಸವೇ ಬೇಡ ಅಂತ ಮಾಡಿದವರೂ ಇದ್ದಾರೆ. 2012ರಲ್ಲಿ ಗಿಲ್ಡ್ ವಾರ್ಸ್ 2 ಬಂದಾಗ ಮೀಸಲು ಹೀಲರ್ ಇರಲಿಲ್ಲ, ಅವರವರ ಗಾಯ ಅವರವರದ್ದು. 2015ರಲ್ಲಿ ರೇಡ್‌ಗಳು, ಅಂದರೆ ದೊಡ್ಡ ಗುಂಪಿನ ಕಾಳಗಗಳು ಬಂದವು, ಜೊತೆಗೆ ಡ್ರೂಯಿಡ್ ಅಂತ ಹೀಲ್ ಮಾಡುವವರೂ ಬಂದರು. ನಾನು ಆ ಗೇಮ್ ಜಾಸ್ತಿ ಆಡಿಲ್ಲ, ಮುಂದೆ ಹೋಗೋಣ.

ತ್ಯಾಗ ಅನ್ನುವವರಿಗೆ ನನ್ನ ಹತ್ತಿರ ಒಂದು ಗಟ್ಟಿ ಉತ್ತರ ಇದೆ. 2024ರ ಜೂನ್‌ನಲ್ಲಿ, ಫೈನಲ್ ಫ್ಯಾಂಟಸಿಯ ಡಾನ್‌ಟ್ರೇಲ್ ಅನ್ನುವ ಹೊಸ ಭಾಗ ಬರುವ ಸ್ವಲ್ಪ ಮುಂಚೆ, ಒಂದಷ್ಟು ಹೀಲರ್‌ಗಳು ಮುಷ್ಕರ ಹೂಡಿದರು. ನಿಜವಾಗಲೂ. ಯಾಕೆ ಗೊತ್ತಾ? ಕೆಲಸ ಕಮ್ಮಿ ಆಯಿತು ಅಂತ. ಟ್ಯಾಂಕ್‌ಗಳು ತಮ್ಮ ಗಾಯ ತಾವೇ ವಾಸಿ ಮಾಡಿಕೊಳ್ಳುವಷ್ಟು ಬಲವಾಗಿಬಿಟ್ಟಿದ್ದರು, ಹೀಲರ್‌ಗೆ ಉಳಿದಿದ್ದು ಒಂದೇ ಗುಂಡಿ ಒತ್ತಿ ಒತ್ತಿ ಕಲ್ಲು ಎಸೆಯುವುದು. ಕೆಲಸ ಜಾಸ್ತಿ ಕೊಡಿ ಅಂತ ಮುಷ್ಕರ ಮಾಡಿದವರನ್ನು ನೀವು ಮಂಡ್ಯದಲ್ಲಿ, ಮೈಸೂರಿನಲ್ಲಿ, ಎಲ್ಲಾದರೂ ಕಂಡಿದ್ದೀರಾ? ಬೇರೆಯವರ ಒಳ್ಳೆಯದಷ್ಟೇ ಬೇಕಿದ್ದರೆ, ಎಲ್ಲರೂ ಗಟ್ಟಿಯಾಗಿದ್ದಾರೆ ಅಂತ ಖುಷಿ ಪಡಬೇಕಿತ್ತು ಅಲ್ವಾ? ನಮಗೆ ಬೇಕಿರುವುದು ತೂಬಿನ ಕೀಲಿ.

ಅದಕ್ಕೂ ಹಳೆಯ ಒಂದು ಘಟನೆ. 2005ರ ಸೆಪ್ಟೆಂಬರ್, ವಾರ್‌ಕ್ರಾಫ್ಟ್. ಜುಲ್‌ಗುರುಬ್ ಅನ್ನುವ ಜಾಗದ ಹಕ್ಕಾರ್ ಅನ್ನುವ ರಾಕ್ಷಸ ಒಂದು ರಕ್ತದ ರೋಗ ಹಚ್ಚುತ್ತಿದ್ದ. ಅದು ಒಳಗೇ ಇರಬೇಕಿತ್ತು. ಆಟಗಾರರ ಸಾಕುಪ್ರಾಣಿಗಳಿಗೆ ಅಂಟಿ ಊರುಗಳಿಗೆ ಬಂತು. ಹೊಸಬರು ಸೆಕೆಂಡುಗಳಲ್ಲಿ ಸತ್ತರು, ಬೀದಿಯೆಲ್ಲ ಎಲುಬು. ಆಗ ಯಾರೂ ಹೇಳದೆಯೇ ಹೀಲರ್‌ಗಳು ಊರಿಗೆ ಬಂದು ಸಿಕ್ಕಿದವರಿಗೆಲ್ಲ ಹೀಲ್ ಹಾಕಿದರು. ಇದನ್ನು ಹೇಳಿದಾಗ ಎಲ್ಲರ ಕಣ್ಣು ತುಂಬುತ್ತದೆ. ಪೂರ್ತಿ ಕೇಳಿ. ಲೋಫ್‌ಗ್ರೆನ್ ಮತ್ತು ಫೆಫರ್ಮನ್ ಅನ್ನುವ ಇಬ್ಬರು ಸಂಶೋಧಕರು 2007ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಹೀಲ್ ಆದವರು ಬೇಗ ಸಾಯದೆ ಉಳಿದು, ರೋಗವನ್ನು ಇನ್ನಷ್ಟು ಜನಕ್ಕೆ ಅಂಟಿಸಿರಬಹುದು ಅಂತ. ಇರುವ ನೀರನ್ನೆಲ್ಲ ಕೂಗಿದವರ ಗದ್ದೆಗೆ ಬಿಟ್ಟ ಹಾಗೆ. ನಮ್ಮ ತಾತ ಆಗಿದ್ದರೆ ಮೊದಲು ಕಾಲುವೆ ಎಲ್ಲಿ ಒಡೆದಿದೆ ಅಂತ ಲಾಟೀನು ಹಿಡಿದು ಹೋಗಿ ನೋಡುತ್ತಿದ್ದರು.

ಇನ್ನೊಂದು ಮಾತು ಹೇಳದೆ ಬಿಟ್ಟರೆ ಮನೆಗೆ ಹೋಗಿ ಬೇಜಾರಾಗುತ್ತದೆ. ವಾಯ್ಸ್ ಚಾಟ್‌ನಲ್ಲಿ ನನ್ನ ದನಿ ಕೇಳಿದ ಕೂಡಲೇ, "ಓ, ನೀವು ಹೀಲರ್ ಅಲ್ವಾ" ಅಂತ ಊಹೆ ಮಾಡಿದವರು ಎಷ್ಟೋ ಜನ. ಹೆಣ್ಣುಮಕ್ಕಳು ಬಡಿಸಬೇಕು, ಗಂಡಸರು ಮೊದಲ ಪಂಕ್ತಿಯಲ್ಲಿ ಕೂರಬೇಕು, ಅದೇ ಲೆಕ್ಕ. ಸಿಟ್ಟಿಗೆ ಆರು ತಿಂಗಳು ಹೀಲರ್ ಮುಟ್ಟಲಿಲ್ಲ, ಟ್ಯಾಂಕ್ ಕಲಿತೆ. ಆಮೇಲೆ ಅನಿಸಿತು, ಯಾರೋ ಊಹೆ ಮಾಡಿದರು ಅಂತ ನನಗೆ ಇಷ್ಟವಾದದ್ದನ್ನು ನಾನು ಯಾಕೆ ಬಿಡಬೇಕು. ವಾಪಸ್ ಬಂದೆ. ಆದರೆ ಟ್ಯಾಂಕ್ ಬಿಡಲಿಲ್ಲ, ಅದರಿಂದ ಲಾಭವೇ ಆಯಿತು. ಎರಡೂ ಆಡಿದವರಿಗೆ ಮಾತ್ರ ಇನ್ನೊಬ್ಬನ ಗಾಬರಿ ಮುಂಚೆಯೇ ಗೊತ್ತಾಗುತ್ತದೆ.

ಇಷ್ಟು ಹೇಳಿ ಕೂತೆ. ಪ್ರಶ್ನೆ ಕೇಳಿದ್ದು ಮೂರೇ ಜನ. ಒಬ್ಬ ಹುಡುಗ, "ಅಕ್ಕಾ, ಹೊಸಬರಿಗೆ ಯಾವ ಟ್ಯಾಂಕ್ ಸುಲಭ?" ಅಂದ. ವಾರಿಯರ್ ಅಂದೆ, ಹೀಲರ್ ಮಲಗಿದ್ದರೂ ನಡೆಯುತ್ತದೆ. ಇನ್ನೊಬ್ಬರು ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ. ರೌಟರ್‌ಗೆ ಯುಪಿಎಸ್ ಇದೆ, ಕಂಪ್ಯೂಟರಿಗೆ ಇಲ್ಲ, ಆದ್ದರಿಂದ ಮೂರು ಜನ ಅಪರಿಚಿತರು ಕತ್ತಲಲ್ಲಿ ನನ್ನನ್ನು ಬೈಯುತ್ತಾರೆ. ಮೂರನೆಯವರು ಒಬ್ಬ ಹುಡುಗನ ಅಮ್ಮ. "ಇಷ್ಟೆಲ್ಲಾ ಮಾಡ್ತೀರಲ್ಲ, ಅವರು ಕೊನೇಗೆ ಥ್ಯಾಂಕ್ಸ್ ಆದ್ರೂ ಹೇಳ್ತಾರಾ?"

ಒಂದು ಪದ್ಧತಿ ಇದೆ ಅಂದೆ. ಡಂಜನ್ ಮುಗಿದ ಮೇಲೆ ಪ್ರತಿಯೊಬ್ಬರೂ ಒಬ್ಬರಿಗೆ ಒಂದು ಮೆಚ್ಚುಗೆ ಕೊಡಬಹುದು. ತನಗೆ ತಾನೇ ಕೊಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ನಾಲ್ಕು ಜನರ ಗುಂಪಿನಲ್ಲಿ ಹೆಚ್ಚೆಂದರೆ ಮೂರು ಸಿಗುತ್ತದೆ. ಮೂರೂ ಸಿಕ್ಕಿದ ದಿನ ನನಗೂ ಖುಷಿ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಆ ರಾತ್ರಿ ಮನೆಗೆ ಬಂದು ಲಾಗಿನ್ ಆದೆ. ಮಾತಾಡಿದ ಹುಮ್ಮಸ್ಸು ಇನ್ನೂ ಇತ್ತು. ಕೊನೆಯ ಬಾಸ್ ಮುಂದೆ, ನೂರು ಸಲ ನೋಡಿರುವ ಏಟಿಗೆ, ಪಕ್ಕಕ್ಕೆ ಸರಿಯದೆ ನಿಂತು ಸತ್ತೆ. ಹೊಡೆಯುವವರಿಬ್ಬರಿಗೂ ಎಬ್ಬಿಸುವ ಮಂತ್ರ ಇರಲಿಲ್ಲ. ಟ್ಯಾಂಕ್ ಒಬ್ಬ ವಾರಿಯರ್. ನಾನು ನೆಲದ ಮೇಲೆ ಮಲಗಿ ನೋಡುತ್ತಿದ್ದೆ, ಅವನು ತನ್ನ ಗಾಯ ತಾನೇ ವಾಸಿ ಮಾಡಿಕೊಂಡು, ಉಳಿದಿಬ್ಬರನ್ನೂ ಹೇಗೋ ಕಾಪಾಡಿಕೊಂಡು, ನಾಲ್ಕು ನಿಮಿಷದಲ್ಲಿ ಬಾಸ್‌ನನ್ನು ಕೆಡವಿದ. ಒಟ್ಸುಕರೆಸಮಾ, ಒಟ್ಸುಕರೆಸಮಾ. ಎಲ್ಲರೂ ಹೋದರು.

ಮೆಚ್ಚುಗೆ ಮೂರು ಬಂದಿತ್ತು. ಮೂರೂ ನನಗೇ.